ಅವ್ವ ತವರಿಗೆ ಹೋದರೂ ಆರೈಕೆ ನಿಲ್ಲಬಾರದು: ಅಂಗವೈಕಲ್ಯ ಇರುವವರ ಮನೆಯವರಿಗೆ ಒಂದು ಮಾರ್ಗದರ್ಶಿ

ಜಮಖಂಡಿಯಿಂದ ಬರಲಿ, ಇಂಡಿಯಿಂದ ಬರಲಿ, ಗೋಕಾಕದಿಂದ ಬರಲಿ, ಪ್ರಶ್ನೆ ಮಾತ್ರ ಒಂದೇ. "ಡಾಕ್ಟರ್ ಹೇಳಿದ್ದ ವ್ಯಾಯಾಮ ಎಂಟು ದಿನ ಮಾಡಿಸಿದ್ವಿ ರೀ. ಆಮ್ಯಾಲೆ ಬಿಟ್ಟುಹೋತು. ಈಗೇನ್ ಮಾಡೂದು?" ನಡುವೆ ಒಂದು ಮದುವೆ ಬಂದಿರುತ್ತದೆ. ಇಲ್ಲವೇ ಜೋಳದ ರಾಶಿ. ಇಲ್ಲವೇ ಮನೆಯ ಹಿರಿಯರಿಗೆ ಆರಾಮ ಇರುವುದಿಲ್ಲ. ಹೀಗೆ ನಿಂತದ್ದು ಮತ್ತೆ ಶುರುವಾಗುವುದು ಅಪರೂಪ.

ಮನೆಮನೆಗೆ ಹೋಗಿ ನೋಡುವ ಕೆಲಸ ನನ್ನದು. ಪ್ರೀತಿ ಇಲ್ಲದ್ದಕ್ಕೆ ಆರೈಕೆ ನಿಂತ ಮನೆ ನಾನು ಕಂಡಿದ್ದು ಬಹಳ ಕಡಿಮೆ. ಎಲ್ಲ ವಿವರ ಒಬ್ಬರ ತಲೆಯಲ್ಲಿ ಇರುತ್ತದೆ, ಹೆಚ್ಚಾಗಿ ಅವ್ವನ ತಲೆಯಲ್ಲಿ. ಅವಳು ಮೂರು ದಿನ ತವರಿಗೆ ಹೋದರೆ ಯಾವ ಗುಳಿಗೆ ಎಷ್ಟೊತ್ತಿಗೆ ಅಂತ ಉಳಿದವರಿಗೆ ಗೊತ್ತಿಲ್ಲ. ಆ ವಿವರವನ್ನು ಅವಳ ತಲೆಯಿಂದ ಒಂದು ವಹಿಗೆ ಇಳಿಸಿ, ಕನಿಷ್ಠ ಇನ್ನೊಬ್ಬರ ಕೈಗೆ ಕಲಿಸುವುದೇ ಈ ಲೇಖನದ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ದೃಷ್ಟಿ ಇಲ್ಲದವರಿಗೂ ಬುದ್ಧಿಮಾಂದ್ಯತೆ ಇರುವ ಮಗುವಿಗೂ ಬಾವಿಗೆ ಬಿದ್ದು ಬೆನ್ನುಹುರಿ ಪೆಟ್ಟಾದವರಿಗೂ ಒಂದೇ ವೇಳಾಪಟ್ಟಿ ಹೊಂದುವುದಿಲ್ಲ. ಹಂತಗಳು ಎಲ್ಲರಿಗೂ ಅವೇ. ಒಳಗಿನ ವಿವರ ನಿಮ್ಮ ಮನೆಗೆ ತಕ್ಕಂತೆ ನೀವೇ ತುಂಬಬೇಕು.

ಏನೇನು ಬೇಕು?

200 ಪುಟದ ಒಂದು ವಹಿ. ದಾರ ಕಟ್ಟಿದ ಪೆನ್ನು. (ದಾರ ಕಟ್ಟದಿದ್ದರೆ ಪೆನ್ನು ಎರಡೇ ದಿನಕ್ಕೆ ಶಾಲೆಗೆ ಹೋಗುತ್ತದೆ.) ಕಾಗದ ಇಡಲು ಪ್ಲಾಸ್ಟಿಕ್ ಫೈಲು. ಗೋಡೆಯ ಮೇಲೆ ದೊಡ್ಡ ಅಕ್ಷರದ ಕ್ಯಾಲೆಂಡರ್. ಕ್ಯಾಮೆರಾ ಇರುವ ಮೊಬೈಲ್. ಇಷ್ಟೇ.

ಹಂತ 1: ಮೊದಲು ಅವರನ್ನೇ ಕೇಳಿ

ಯಾರಿಗಾಗಿ ಇದೆಲ್ಲ ಮಾಡುತ್ತಿದ್ದೀರೋ ಅವರ ಜೊತೆ ಕುಳಿತುಕೊಳ್ಳಿ. ಯಾವುದು ತಾನೇ ಮಾಡಿಕೊಳ್ಳುತ್ತಾರೆ, ಯಾವುದಕ್ಕೆ ಸ್ವಲ್ಪ ಕೈ ಹಿಡಿದರೆ ಸಾಕು, ಯಾವುದನ್ನು ಪೂರ್ತಿ ನಾವೇ ಮಾಡಬೇಕು ಅಂತ ಮೂರು ಪಟ್ಟಿ ಮಾಡಿ. ಯಾವುದು ಇಷ್ಟ, ಯಾವುದು ಬೇಡ ಅನ್ನುವುದನ್ನೂ ಬರೆಯಿರಿ.

"ಅವಂಗೇನೂ ತಿಳಿಯಂಗಿಲ್ರಿ" ಅಂತ ಅವರ ಎದುರಿಗೇ ಹೇಳುವುದು ನಮ್ಮ ಕಡೆ ದೊಡ್ಡ ತಪ್ಪು. ಮಾತು ಬಾರದವರಿಗೂ ಬೇಕು-ಬೇಡ ಇರುತ್ತದೆ. ಮುಖ ತಿರುಗಿಸುವುದು, ತುಟಿ ಬಿಗಿ ಹಿಡಿಯುವುದು, ಒಬ್ಬರನ್ನು ಕಂಡರೆ ಅಳುವುದು, ಇವೆಲ್ಲ ಉತ್ತರಗಳೇ. ಮೂರು ದಿನ ಸುಮ್ನೆ ಗಮನಿಸಿ ಬರೆದರೆ ಸಾಕು, ನಿಮಗೇ ಆಶ್ಚರ್ಯವಾಗುತ್ತದೆ.

ಹಂತ 2: ವಹಿಯ ಮೊದಲ ನಾಲ್ಕು ಪುಟ

ಮೊದಲ ಪುಟದಲ್ಲಿ ಹೆಸರು, ವಯಸ್ಸು, ರಕ್ತದ ಗುಂಪು, ಅಂಗವೈಕಲ್ಯ ಯಾವುದು, ಯಾವ ಔಷಧ ಒಗ್ಗುವುದಿಲ್ಲ, ಯಾರಿಗೆ ಫೋನ್ ಮಾಡಬೇಕು. ಎರಡನೆಯದರಲ್ಲಿ ಗುಳಿಗೆಗಳು: ಹೆಸರು, ಎಷ್ಟು, ಎಷ್ಟು ಗಂಟೆಗೆ, ಊಟಕ್ಕೆ ಮುಂಚೆಯೋ ಆಮೇಲೋ. ಮೂರನೆಯದರಲ್ಲಿ ದಿನಚರಿ. ನಾಲ್ಕನೆಯದರಲ್ಲಿ "ಇದನ್ನು ಮಾಡಬೇಡಿ" ಎಂಬ ಪಟ್ಟಿ.

ಗುಳಿಗೆಯ ಹೆಸರನ್ನು ಡಾಕ್ಟರ್ ಚೀಟಿ ನೋಡಿ ಬರೆಯಲು ಹೋಗಬೇಡಿ. ಆ ಅಕ್ಷರ ಓದಲು ಬರುವುದಿಲ್ಲ, ಅಲ್ವಾ? ಗುಳಿಗೆಯ ಹಾಳೆಯ ಮೇಲಿನ ಹೆಸರು ನೋಡಿ ಬರೆಯಿರಿ, ಅದರ ಫೋಟೋ ಒಂದನ್ನು ಮನೆಯ ಎಲ್ಲರ ಮೊಬೈಲಿಗೂ ಕಳಿಸಿ. ಮನೆಯಲ್ಲಿ ಓದು ಬಾರದ ಹಿರಿಯರಿದ್ದರೆ ಬೆಳಗಿನ ಗುಳಿಗೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರನ ಚಿತ್ರ ಬರೆದು ಬೇರೆ ಬೇರೆ ಡಬ್ಬಿಗೆ ಅಂಟಿಸಿ.

ಹಂತ 3: ದಿನಕ್ಕೆ ನಾಲ್ಕು ಗೂಟ

ಪೂರ್ತಿ ದಿನದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದವರು ಬಹಳ ಜನ. ಅದು ವಾರವೂ ಬಾಳುವುದಿಲ್ಲ. ದಿನಕ್ಕೆ ನಾಲ್ಕೇ ಗೂಟ ಹೊಡೆಯಿರಿ: ಎದ್ದ ಹೊತ್ತು, ಮಧ್ಯಾಹ್ನದ ಊಟ, ಸಂಜೆ ಚಹಾ, ಮಲಗುವ ಮುಂಚೆ. ಮಾಡಬೇಕಾದ ಎಲ್ಲ ಕೆಲಸವನ್ನೂ ಈ ಗೂಟಗಳಿಗೆ ಕಟ್ಟಿ. ಎಮ್ಮೆ ಹಾಲು ಹಿಂಡಿ ಬಂದ ಮೇಲೆ ಕಾಲಿನ ವ್ಯಾಯಾಮ ಅಂದರೆ ನೆನಪಿರುತ್ತದೆ. 6 ಗಂಟೆ 40 ನಿಮಿಷಕ್ಕೆ ಅಂದರೆ ಇರುವುದಿಲ್ಲ.

ವ್ಯಾಯಾಮವನ್ನು ಫಿಸಿಯೋಥೆರಪಿ ತಜ್ಞರು ತೋರಿಸಿಕೊಡಬೇಕು. ಅವರು ಮಾಡಿಸುವಾಗ ಒಪ್ಪಿಗೆ ಕೇಳಿ ವಿಡಿಯೋ ಮಾಡಿಕೊಳ್ಳಿ. ಚಿಕ್ಕ ಮಕ್ಕಳಾದರೆ ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ ಎಂಬ ವಿಭಾಗ ಇದೆ, ಅಂದರೆ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರ. ಅಂಗನವಾಡಿ ಮತ್ತು ಶಾಲೆಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ವೈದ್ಯರ ತಂಡ ಅಲ್ಲಿಗೆ ಚೀಟಿ ಬರೆದು ಕಳಿಸುತ್ತದೆ. ದಿನಕ್ಕೆ ಮೂರು ಸಲ ಹತ್ತತ್ತು ನಿಮಿಷ ಮಾಡಿಸಿ. ಭಾನುವಾರ ಒಂದೇ ದಿನ ಎರಡು ತಾಸು ಎಳೆದಾಡಿದರೆ ನೋವು ಬಿಟ್ಟು ಬೇರೇನೂ ಸಿಗುವುದಿಲ್ಲ.

ಈಗ ಆ ನಾಲ್ಕನೇ ಪುಟಕ್ಕೆ ಏನು ಬರೆಯಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಜೀವಕ್ಕೆ ಅಪಾಯ ಇರುವುದು ಇಲ್ಲೇ.

ಊಟ: ಮಲಗಿಸಿಕೊಂಡು ತಿನ್ನಿಸಬೇಡಿ. ಬೆನ್ನು ನೆಟ್ಟಗೆ, ಗದ್ದ ಸ್ವಲ್ಪ ಕೆಳಗೆ ಇರಲಿ. ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಸುರಿದರೆ ಅನ್ನ ಶ್ವಾಸನಾಳಕ್ಕೆ ಇಳಿಯಬಹುದು. ಒಂದು ತುತ್ತು ನುಂಗಿದ ಮೇಲೆಯೇ ಇನ್ನೊಂದು. ಊಟ ಆದ ಮೇಲೆ ಅರ್ಧ ತಾಸು ಕೂತೇ ಇರಲಿ. ಕಟಕ ರೊಟ್ಟಿ ಬೇಡ. ರೊಟ್ಟಿಯನ್ನು ಹಾಲಿನಲ್ಲೋ ಬೇಳೆಯಲ್ಲೋ ನೆನೆಸಿ ಮೆತ್ತಗೆ ಮಾಡಿ ಕೊಡಿ. ನುಂಗಲು ಕಷ್ಟ ಇರುವ ಕೆಲವರಿಗೆ ತೆಳು ಮಜ್ಜಿಗೆ, ನೀರು ಕೆಮ್ಮು ತರಿಸುತ್ತವೆ, ಗಟ್ಟಿ ಅಂಬಲಿ ಸಲೀಸಾಗಿ ಇಳಿಯುತ್ತದೆ. ಪ್ರತಿ ಸಲ ಕೆಮ್ಮು ಬರುತ್ತಿದ್ದರೆ ವೈದ್ಯರಿಗೆ ತೋರಿಸಿ.

ಹಾಸಿಗೆ ಹುಣ್ಣು: ತಾವೇ ಹೊರಳಲಾಗದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಗಾಲಿಕುರ್ಚಿಯಲ್ಲಿ ಕೂರುವವರು 15ರಿಂದ 30 ನಿಮಿಷಕ್ಕೊಮ್ಮೆ ಕೈ ಊರಿ ಮೈ ಎತ್ತಬೇಕು, ಆಗದಿದ್ದರೆ ಒಂದು ಕಡೆಗೆ ವಾಲಬೇಕು. ಸ್ನಾನದ ಹೊತ್ತಿಗೆ ಬೆನ್ನಿನ ಕೆಳಭಾಗ, ಸೊಂಟದ ಎಲುಬು, ಹಿಮ್ಮಡಿ ನೋಡಿ. ಕೆಂಪಾದ ಜಾಗ ಭಾರ ತೆಗೆದು ಅರ್ಧ ತಾಸಾದರೂ ಹಾಗೇ ಇದ್ದರೆ ಹುಣ್ಣು ಶುರುವಾಗಿದೆ ಅಂತ ತಿಳಿಯಿರಿ. ಆ ಜಾಗ ತಿಕ್ಕಬೇಡಿ, ಅರಿಶಿನ ಮೆತ್ತಬೇಡಿ, ಅಲ್ಲಿ ಭಾರ ಬೀಳದಂತೆ ನೋಡಿಕೊಂಡು ನರ್ಸಮ್ಮನಿಗೆ ತೋರಿಸಿ.

ಮೂರ್ಛೆ: ಕೈಗೆ ಕೀಲಿ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ಇಡುವುದು ಯಾವುದೂ ಬೇಡ. ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಬಟ್ಟೆ ಇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. "ಆರು ತಿಂಗಳಿಂದ ಬಂದಿಲ್ಲ" ಅಂತ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ. ಗುಳಿಗೆ ತಗೊಳ್ಳುತ್ತಿರುವುದರಿಂದಲೇ ಅದು ಬಂದಿಲ್ಲದಿರಬಹುದು.

ಬಿಸಿಲು: ಮಾರ್ಚ್‌ನಿಂದ ಮೇವರೆಗೆ ವಿಜಯಪುರದ ಬಿಸಿಲು ಎಲ್ಲರನ್ನೂ ಕಾಡುತ್ತದೆ. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಿಗೆ ಇನ್ನೂ ಅಪಾಯ, ಏಕೆಂದರೆ ಪೆಟ್ಟಾದ ಜಾಗದಿಂದ ಕೆಳಗೆ ಅವರಿಗೆ ಸರಿಯಾಗಿ ಬೆವರು ಬರುವುದಿಲ್ಲ. ಮೈ ಕಾಯುತ್ತಲೇ ಹೋಗುತ್ತದೆ. ತಗಡಿನ ಮನೆಯಲ್ಲಿ ಮಧ್ಯಾಹ್ನ ಮಲಗಿಸಬೇಡಿ. ಒದ್ದೆ ಬಟ್ಟೆಯಿಂದ ಮೈ ಒರೆಸಿ. ಬಿಸಿಲಲ್ಲಿ ನಿಂತ ಗಾಲಿಕುರ್ಚಿಗೆ ಕೂರಿಸುವ ಮುಂಚೆ ಕಬ್ಬಿಣ ಮುಟ್ಟಿ ನೋಡಿ. ಸ್ಪರ್ಶ ತಿಳಿಯದ ಕಾಲಿಗೆ ಬೊಬ್ಬೆ ಎದ್ದದ್ದು ಅವರಿಗೇ ಗೊತ್ತಾಗುವುದಿಲ್ಲ.

ಹಂತ 4: ಎಲ್ಲರೂ ಒಂದೇ ರೀತಿ ಕಲಿಸಿ

ಬೆಳಗಾವಿ ಕಡೆ ಒಂದೇ ಮನೆಯಲ್ಲಿ ಅವ್ವ "ನೀರು" ಅನ್ನುತ್ತಾಳೆ, ಆಯಿ (ಅಜ್ಜಿ) ಮರಾಠಿಯಲ್ಲಿ "ಪಾಣಿ" ಅನ್ನುತ್ತಾಳೆ, ಶಾಲೆಗೆ ಹೋಗುವ ಅಣ್ಣ "ವಾಟರ್" ಅನ್ನುತ್ತಾನೆ. ವಿಜಯಪುರದ ಮನೆಗಳಲ್ಲಿ ಕನ್ನಡ-ಉರ್ದು ಕೂಡಿರುತ್ತವೆ. ಎರಡು ಭಾಷೆ ಕೇಳಿದರೆ ಮಗು ಕೆಡುವುದಿಲ್ಲ, ಆ ಭಯ ಬೇಡ. ಆದರೆ ಕಲಿಯಲು ಹೆಣಗುತ್ತಿರುವ ಮಗುವಿಗೆ ಶುರುವಿನಲ್ಲಿ ಒಂದು ವಸ್ತುವಿಗೆ ಒಂದೇ ಮಾತು, ಒಂದೇ ಕೈಸನ್ನೆ ಇದ್ದರೆ ಬೇಗ ಹಿಡಿಯುತ್ತದೆ. ನೀರು, ಊಟ, ಬಚ್ಚಲು, ನೋವು, ಸಾಕು. ಈ ಐದು ಮಾತು ಮತ್ತು ಸನ್ನೆ ಯಾವುದೆಂದು ಮನೆಯವರು ಕೂಡಿ ನಿಶ್ಚಯಿಸಿ ವಹಿಯಲ್ಲಿ ಬರೆಯಿರಿ. ಅಂಗನವಾಡಿ ಅಥವಾ ಶಾಲೆಯ ಬಾಯಾರಿಗೂ (ಶಿಕ್ಷಕಿಯರಿಗೂ) ತಿಳಿಸಿ.

ಕೆಲಸ ಕಲಿಸುವಾಗ ಅದನ್ನು ತುಂಡು ಮಾಡಿ, ಕೊನೆಯ ತುಂಡಿನಿಂದ ಶುರು ಮಾಡಿ. ವಿಶೇಷ ಶಿಕ್ಷಕರು ಇದನ್ನು ಹಿಮ್ಮುಖ ಜೋಡಣೆ ಅನ್ನುತ್ತಾರೆ. ಅಂಗಿ ಹಾಕಿಕೊಳ್ಳುವುದನ್ನೇ ತಗೊಳ್ಳಿ: ತಲೆ ತೂರಿಸುವುದು, ಒಂದು ತೋಳು, ಇನ್ನೊಂದು ತೋಳು, ಕೆಳಗೆ ಎಳೆದುಕೊಳ್ಳುವುದು. ಮೊದಲ ಮೂರನ್ನೂ ನೀವು ಮಾಡಿ. ಕೆಳಗೆ ಎಳೆದುಕೊಳ್ಳುವುದು ಮಾತ್ರ ಮಗುವಿನ ಪಾಲು. ಕೆಲಸ ಮುಗಿಸಿದ ಖುಷಿ ಅದಕ್ಕೆ ದಿನಾ ಸಿಗುತ್ತದೆ. ಅದು ಸಲೀಸಾದ ಮೇಲೆ ಇನ್ನೊಂದು ತೋಳು ಬಿಟ್ಟುಕೊಡಿ. ಹೀಗೆ ಹಿಂದಕ್ಕೆ ಬನ್ನಿ. ಒಂದು ಮಗ್ಗುಲು ಬಲ ಇಲ್ಲದವರು, ಲಕ್ವಾ ಹೊಡೆದ ಹಿರಿಯರೂ ಸೇರಿ, ಹಾಕುವಾಗ ಬಲವಿಲ್ಲದ ಕೈ ಮೊದಲು, ತೆಗೆಯುವಾಗ ಅದೇ ಕೈ ಕೊನೆಗೆ. ಇದೊಂದು ಗೊತ್ತಿದ್ದರೆ ಅರ್ಧ ಜಗಳ ಮುಗಿಯಿತು.

ಇಲ್ಲಿ ಎಡವುವುದು ಕರುಣೆಯಿಂದ. ಅವ್ವ ಕಾಯುತ್ತಾಳೆ, ಮಗು ನಿಧಾನಕ್ಕೆ ಎಳೆದುಕೊಳ್ಳುತ್ತದೆ. ಸಂಜೆ ಮುತ್ಯಾ ಬಂದು "ಪಾಪ ಕೂಸು" ಅಂತ ತಾನೇ ಹಾಕಿಬಿಡುತ್ತಾನೆ. ಮುತ್ಯಾನ ಜೊತೆ ಜಗಳ ಬೇಡ. ಅವರಿಗೇ ಒಂದು ಕೆಲಸ ಕೊಡಿ, ಸಂಜೆಯ ಅಂಗಿ ಕಲಿಸುವುದು ಮುತ್ಯಾನ ಜವಾಬ್ದಾರಿ ಅಂತ.

ಆಟಿಸಂ, ಅಂದರೆ ಸ್ವಲೀನತೆ ಇರುವ ಮಕ್ಕಳಿಗೆ ದಿನಚರಿಯನ್ನು ಚಿತ್ರದಲ್ಲಿ ತೋರಿಸಿ. ನಿಮ್ಮದೇ ಬಚ್ಚಲು, ನಿಮ್ಮದೇ ತಾಟು, ನಿಮ್ಮದೇ ಹಾಸಿಗೆಯ ಫೋಟೋ ಸಾಕು. ಜಾತ್ರೆ, ಮದುವೆ ಇದ್ದರೆ ಒಂದು ದಿನ ಮೊದಲೇ ಆ ಚಿತ್ರವನ್ನು ಸಾಲಿಗೆ ಸೇರಿಸಿ ತೋರಿಸಿ. ರಬಕವಿ-ಬನಹಟ್ಟಿ ಕಡೆ ಮನೆಯೊಳಗೇ ಪವರ್‌ಲೂಮ್ ಇರುತ್ತದೆ. ಸದ್ದು ತಾಳಲಾಗದ ಮಗುವಿಗೆ ಮಗ್ಗ ನಿಂತ ಹೊತ್ತಿನಲ್ಲೇ ಪಾಠ ಇಟ್ಟುಕೊಳ್ಳಿ. ಕರೆಂಟ್ ಹೋಗುವುದರಿಂದ ಒಂದು ಉಪಯೋಗ ಅಂದರೆ ಇದೇ.

ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ಅದು ಶುರುವಾಗುವ ಮುಂಚೆಯೇ ಕಲಿಸಿ. ಪ್ಯಾಡ್ ಇಡುವ ಜಾಗ, ಬದಲಿಸುವ ಜಾಗ, ಬಿಸಾಡುವ ಜಾಗ ಯಾವಾಗಲೂ ಒಂದೇ ಇರಲಿ. "ಗರ್ಭಚೀಲ ತೆಗೆಸಿಬಿಡ್ರಿ" ಅನ್ನುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ತಿಳಿಸಿ ಒಪ್ಪಿಗೆ ಪಡೆಯದೆ ಮಕ್ಕಳಾಗದಂತೆ ಮಾಡುವ ಚಿಕಿತ್ಸೆಯನ್ನು 2016ರ ಕಾಯ್ದೆ ತಡೆಯುತ್ತದೆ.

ಹಂತ 5: ಮನೆಯಲ್ಲಿ ಸಣ್ಣ ಬದಲಾವಣೆ

ಇಳಿಜಾರು ದಾರಿಗೆ ಒಂದು ಲೆಕ್ಕ ನೆನಪಿಡಿ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಕಟ್ಟೆ 14 ಇಂಚು ಇದ್ದರೆ 14 ಅಡಿ ಬೇಕು. ಗೌಂಡಿ "ಐದು ಅಡಿ ಸಾಕ್ರಿ" ಅನ್ನುತ್ತಾನೆ. ಆ ಇಳಿಜಾರಿನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಬಾಗಿಲು ಕನಿಷ್ಠ 32 ಇಂಚು ಅಗಲ ಇರಲಿ. ಬಚ್ಚಲಿನ ಪರಸಿ ಒದ್ದೆಯಾದರೆ ಜಾರುತ್ತದೆ, ಗೋಡೆಗೊಂದು ಕಬ್ಬಿಣದ ಹಿಡಿಕೆ ಹಾಕಿಸಿ.

ಗ್ರಾಮ ಪಂಚಾಯಿತಿ ತನ್ನ ಹಣದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಡಬೇಕು. ಗ್ರಾಮಸಭೆಯಲ್ಲಿ ಬರೆದುಕೊಟ್ಟು ಕೇಳಿ, ಅರ್ಜಿಯ ಇನ್ನೊಂದು ಪ್ರತಿಗೆ ಸಹಿ ಮತ್ತು ಶಿಕ್ಕಾ ಹಾಕಿಸಿಕೊಳ್ಳಿ.

ಹಂತ 6: ಎರಡನೇ ಕೈ ತಯಾರು ಮಾಡಿ

ಕಬ್ಬಿನ ಹಂಗಾಮು ಬಂದರೆ ಕಟಾವಿನ ಗ್ಯಾಂಗಿನ ಜೊತೆ ಗಂಡ-ಹೆಂಡತಿ ಇಬ್ಬರೂ ಹೋಗುವ ಮನೆಗಳಿವೆ. ಗೋವಾಕ್ಕೆ ದುಡಿಯಲು ಹೋಗುವವರಿದ್ದಾರೆ. ಮಗು ಆಯಿಯ ಹತ್ತಿರ ಉಳಿಯುತ್ತದೆ, ಹೊರಡುವ ಹಿಂದಿನ ರಾತ್ರಿ ಆಯಿಗೆ ಎಲ್ಲ ಹೇಳಿದ್ದಾಗುತ್ತದೆ. ಇದು ಸಾಲದು.

ಹೊರಡುವುದಕ್ಕೆ ಎರಡು ವಾರ ಮೊದಲೇ ಶುರು ಮಾಡಿ. ಮೊದಲ ಮೂರು ದಿನ ಹೊಸಬರು ಸುಮ್ನೆ ನೋಡಲಿ. ಮುಂದಿನ ನಾಲ್ಕು ದಿನ ನಿಮ್ಮ ಜೊತೆ ಕೈ ಹಾಕಲಿ. ಉಳಿದ ವಾರ ಅವರೇ ಮಾಡಲಿ, ನೀವು ಬಾಯಿ ಮುಚ್ಚಿಕೊಂಡು ಪಡಸಾಲೆಯಲ್ಲಿ ಕೂತಿರಿ. ಕಷ್ಟದ ಕೆಲಸ ಇದೇ ನೋಡಿ. ಅವರು ವಹಿ ನೋಡಿ ಮಾಡುತ್ತಾರೋ ನಿಮ್ಮನ್ನು ಕೇಳಿ ಮಾಡುತ್ತಾರೋ ಗಮನಿಸಿ. ನಿಮ್ಮನ್ನು ಕೇಳಿದ ಪ್ರತಿಯೊಂದು ಪ್ರಶ್ನೆಯ ಉತ್ತರವೂ ವಹಿಯಲ್ಲಿ ಬಿಟ್ಟುಹೋಗಿದೆ ಅಂತ ಅರ್ಥ. ಆಗಲೇ ಬರೆಯಿರಿ.

ಊರು ಬಿಡದವರಿಗೂ ಇದು ಬೇಕು. ವಾರದಲ್ಲಿ ಒಂದು ಅರ್ಧ ದಿನ ಅವ್ವನಿಗೆ ರಜೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವೈನಿ, ಕಾಕಾ, ದೊಡ್ಡ ಮಗ, ಯಾರು ಅಂತ ಹೆಸರು ಬರೆಯಿರಿ. "ಯಾರಾದ್ರೂ ನೋಡ್ಕೋತಾರೆ" ಅಂದರೆ ಯಾರೂ ನೋಡುವುದಿಲ್ಲ. ಸ್ನಾನ, ಬಟ್ಟೆ ಬದಲಿಸುವುದು ಯಾರು ಮಾಡಬಹುದು ಅನ್ನುವುದನ್ನು ಮೊದಲೇ ಗೊತ್ತು ಮಾಡಿ, ಉಳಿದವರು ಮಾಡುವುದು ಬೇಡ. ಒಬ್ಬರನ್ನು ಕಂಡರೆ ಇದ್ದಕ್ಕಿದ್ದಂತೆ ಹೆದರಲು ಶುರು ಮಾಡಿದರೆ ಅದನ್ನು ಹಟ ಅಂತ ತಳ್ಳಿಹಾಕಬೇಡಿ.

ಹಂತ 7: ಕಾಗದಪತ್ರ

ಇದು ಆರೈಕೆಯ ಭಾಗವೇ. ಕಾರ್ಡಿನ ಅವಧಿ ಮುಗಿದು ಪಗಾರ, ಅಂದರೆ ಮಾಸಾಶನ ನಿಂತರೆ ಗುಳಿಗೆಯೂ ನಿಲ್ಲುತ್ತದೆ.

ಮೊದಲು ಯುಡಿಐಡಿ, ದೇಶದಾದ್ಯಂತ ನಡೆಯುವ ಅಂಗವೈಕಲ್ಯದ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ, ಬೆಳಗಾವಿಯಲ್ಲಾದರೆ ಬಿಮ್ಸ್, ಬಾಗಲಕೋಟೆಯಲ್ಲಾದರೆ ನವನಗರದ ಜಿಲ್ಲಾಸ್ಪತ್ರೆ. ಯಾವ ತಜ್ಞರು ಯಾವ ವಾರ ಇರುತ್ತಾರೆ ಅಂತ ಕೇಳಿಕೊಂಡೇ ಹೊರಡಿ. ಅಥಣಿ, ಕಾಗವಾಡದವರು ಹೆಚ್ಚಾಗಿ ಮಿರಜ, ಸಾಂಗ್ಲಿಯಲ್ಲಿ ತೋರಿಸಿರುತ್ತಾರೆ. ಆ ಹಳೆಯ ಕಾಗದ, ಸ್ಕ್ಯಾನ್ ಎಲ್ಲ ಜೊತೆಗಿರಲಿ. ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಕಾರ್ಡು, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಹೆಚ್ಚಿನ ಸೌಲಭ್ಯಗಳು ಶೇ. 40ರಿಂದ ಶುರು. ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಕೊನೆಯ ದಿನಾಂಕಕ್ಕೆ ಮೂರು ತಿಂಗಳು ಮುಂಚೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ.

ಆಧಾರ್‌ನಲ್ಲಿ "ಮಲ್ಲವ್ವ", ರೇಷನ್ ಕಾರ್ಡಿನಲ್ಲಿ "ಮಲ್ಲಮ್ಮ" ಅಂತ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಅರ್ಜಿಗಳು ಸಿಕ್ಕಿಬೀಳುವುದು ಇಂಥ ಒಂದು ಅಕ್ಷರಕ್ಕೇ.

ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಆದಾಯ ಪ್ರಮಾಣಪತ್ರ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ರಿಯಾಯಿತಿ ಬಸ್ ಪಾಸಿಗೆ ಸೇವಾಸಿಂಧು. ಬೆಳಗಾವಿ, ಬಾಗಲಕೋಟೆಯವರಿಗೆ ವಾಯವ್ಯ ಸಾರಿಗೆ ಸಂಸ್ಥೆ, ವಿಜಯಪುರದವರಿಗೆ ಕಲ್ಯಾಣ ಕರ್ನಾಟಕ ಸಾರಿಗೆ ಸಂಸ್ಥೆ. ಪಾಸು ವಾಸದ ಊರಿನಿಂದ 100 ಕಿಲೋಮೀಟರ್ ಒಳಗೆ ಮಾತ್ರ. ಅಥಣಿಯಿಂದ ಬೆಳಗಾವಿ ಅದಕ್ಕಿಂತ ದೂರ, ಹಾಗಾಗಿ ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗಲು ಅಲ್ಲಿನವರ ಕೈಯಲ್ಲಿ ಟಿಕೆಟ್ ಹಣವೂ ಇರಬೇಕು. ಪಾಸನ್ನು ವರ್ಷವರ್ಷ ಹೊಸದು ಮಾಡಿಸುವುದನ್ನು ಮರೆಯಬೇಡಿ.

ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತ ತಪ್ಪುವುದು), ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚೂ ಸೇರಿ. ಈ ನಾಲ್ಕು ಬಗೆಯವರಿಗೆ 18 ತುಂಬಿದ ಮೇಲೆ ಆಸ್ತಿ, ಬ್ಯಾಂಕ್ ವ್ಯವಹಾರಕ್ಕೆ ಕಾನೂನು ಪಾಲಕರು ಬೇಕಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. 18 ತುಂಬಿದವರಿಗೆ ಅಪ್ಪ-ಅವ್ವ ತಾನಾಗಿಯೇ ಕಾನೂನು ಪಾಲಕರಾಗಿ ಉಳಿಯುವುದಿಲ್ಲ. ಇದು ಗೊತ್ತಾಗುವುದು ಹೆಚ್ಚಾಗಿ ಹೊಲ ಪಾಲಾಗುವ ದಿನ.

ಇದನ್ನೆಲ್ಲ ಏಜೆಂಟರಿಗೆ ದುಡ್ಡು ಕೊಟ್ಟು ಮಾಡಿಸಬೇಡಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಎಲ್ಲರೂ ವಿಆರ್‌ಡಬ್ಲ್ಯೂ ಅನ್ನುತ್ತಾರೆ. ತಾಲೂಕಿಗೆ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅರ್ಜಿ ಹಾಕಲು ನೆರವಾಗುವುದು ಅವರ ಕೆಲಸ. ಶಾಲೆಗೆ ಹೋಗಲಾಗದ ಮಗುವಿಗೆ ಮನೆಪಾಠ ಬೇಕಿದ್ದರೆ ತಾಲೂಕಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಕೇಳಿ.

ಹಂತ 8: ಅಮಾವಾಸ್ಯೆಗೊಮ್ಮೆ ವಹಿ ತೆರೆಯಿರಿ

ಅಮಾವಾಸ್ಯೆ ಯಾಕೆ ಅಂದರೆ ನಮ್ಮ ಕಡೆ ಅವತ್ತು ಎತ್ತು ಹೂಡುವುದಿಲ್ಲ, ಮನೆಯವರು ಸಿಗುತ್ತಾರೆ. ಹೊಲ ಇಲ್ಲದವರು ತಮಗೆ ಅನುಕೂಲದ ದಿನ ಹಿಡಿಯಿರಿ. ಮೂರೇ ಪ್ರಶ್ನೆ: ಈ ತಿಂಗಳು ಯಾವುದು ನಿಂತುಹೋಯಿತು, ಯಾವುದನ್ನು ಅವರೇ ಮಾಡಿಕೊಳ್ಳಲು ಶುರು ಮಾಡಿದರು, ಯಾವ ಕಾಗದದ ದಿನಾಂಕ ಹತ್ತಿರ ಬಂತು. ಯಾರ ಬಗ್ಗೆ ಮಾತೋ ಅವರೂ ಕೂತಿರಲಿ. ನಿಂತುಹೋದ ಕೆಲಸಕ್ಕೆ ಯಾರನ್ನೂ ಬೈಯಬೇಡಿ. ಅದನ್ನು ಅರ್ಧಕ್ಕೆ ಇಳಿಸಿ, ಹತ್ತು ನಿಮಿಷ ಆಗದಿದ್ದರೆ ಐದು. ಎರಡು ತಿಂಗಳು ಸತತ ನಿಂತರೆ ಬೇರೆ ಗೂಟಕ್ಕೆ ಕಟ್ಟಿ, ಬೆಳಗಿನದನ್ನು ಸಂಜೆ ಚಹಾದ ಹೊತ್ತಿಗೆ ತನ್ನಿ. ಗುಳಿಗೆ ಬದಲಾಗಿದ್ದರೆ ಹಳೆಯ ಸಾಲಿನ ಮೇಲೆ ಗೆರೆ ಎಳೆದು ಹೊಸದನ್ನು ಕೆಳಗೆ ಬರೆಯಿರಿ. ತಿದ್ದಿ ಮೇಲೆಯೇ ಬರೆದರೆ ರಾತ್ರಿ ಹೊತ್ತಿನಲ್ಲಿ ಆಯಿಗೆ ಓದಲಾಗುವುದಿಲ್ಲ.